ಟೆಂಗ್ವಾರ್ ಲಿಪಿಯಲ್ಲಿ ಮನೆಮಾತಿನ ಕನ್ನಡ: ಟ-ವರ್ಗವನ್ನು ಎಲ್ಲಿ ಕೂರಿಸುವುದು?

ತುಮಕೂರಿನ ಹವ್ಯಾಸಿ:
ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಲೇಖಕ ಟೋಲ್ಕೀನ್ ಅವರು ತಮ್ಮ ಕಲ್ಪನೆಯ ಲೋಕಕ್ಕೆಂದು ರೂಪಿಸಿ, ‘ದ ಲಾರ್ಡ್ ಆಫ್ ದ ರಿಂಗ್ಸ್’ ಕಾದಂಬರಿಗೆ 1955ರಲ್ಲಿ ಅಚ್ಚಾದ ಅನುಬಂಧವೊಂದರಲ್ಲಿ ವಿವರಿಸಿದ ಟೆಂಗ್ವಾರ್ ಲಿಪಿಯಲ್ಲಿ ನಾನು ಮೂರು ತಿಂಗಳಿನಿಂದ ದಿನಚರಿ ಬರೆಯುತ್ತಿದ್ದೇನೆ. ಇಂಗ್ಲಿಷನ್ನಲ್ಲ, ಮನೆಯಲ್ಲಿ ಆಡುವ ಕನ್ನಡವನ್ನೇ. ಇದರ ಮೂಲ ಅಕ್ಷರಕ್ಕೆ ಒಂದು ಕಂಬ, ಒಂದು ಬಿಲ್ಲು. ಬಿಲ್ಲು ಜೋಡಿಯಾದರೆ ತಕಾರ ದಕಾರವಾಗುತ್ತದೆ, ಪಕಾರ ಬಕಾರವಾಗುತ್ತದೆ. ಕಾಗುಣಿತ ಕಲಿತವರಿಗೆ ಇದು ನೆಂಟರ ಮನೆಯಿದ್ದಂತೆ. ಆದರೆ ಮೂಲದ 24 ಅಕ್ಷರಗಳು ನಿಂತಿರುವುದು ನಾಲ್ಕು ವರ್ಗಗಳಲ್ಲಿ, ನಮ್ಮವು ಐದು. ಹೀಗಾಗಿ ಟ-ವರ್ಗ ಹೊಸಿಲಾಚೆಯೇ ಉಳಿಯಿತು. ಸದ್ಯಕ್ಕೆ ತ-ವರ್ಗದ ಅಡಿಯಲ್ಲಿ ಚುಕ್ಕೆ ಇಡುತ್ತಿದ್ದೇನೆ. ಸ್ವರವಿಲ್ಲದ ವ್ಯಂಜನಕ್ಕೂ ನಾನು ಅಡಿಯಲ್ಲೇ ಚುಕ್ಕೆ ಇಡುತ್ತೇನೆ, ಒತ್ತಿಗೂ ಅಡಿಯಲ್ಲೇ ಗೆರೆ ಎಳೆಯಬೇಕು. ನಿನ್ನೆ ಕ್ಯಾತ್ಸಂದ್ರದಲ್ಲಿ ತಿಂದ ತಟ್ಟೆ ಇಡ್ಲಿಯ ಬಗ್ಗೆ ಬರೆಯಹೋದಾಗ ಚುಕ್ಕೆ, ಗೆರೆಗಳೆಲ್ಲ ಸೇರಿ ಕೆಳಗಿನ ಸಾಲಿನಲ್ಲಿ ಅಕ್ಷರಗಳ ತಲೆಯ ಮೇಲಿಡುವ ಸ್ವರಚಿಹ್ನೆಗಳ ಮೇಲೆ ಬಿದ್ದವು. ಇದಕ್ಕೆ ಬೇರೆ ದಾರಿ ಇದೆಯೇ?

ಲಿಪಿಮೋಹಿ, ಕೋಲಾರ:
ಹೊಸ ಚುಕ್ಕೆಗಳನ್ನು ಹುಟ್ಟಿಸುವ ಬದಲು ಖಾಲಿ ಬಿದ್ದಿರುವ ಅಕ್ಷರಗಳನ್ನು ಬಳಸಿಕೊಳ್ಳಿ. ಕಂಬ ಮೇಲಕ್ಕೆ ಚಾಚಿದ ‘ಥೂಲೆ’ ಮತ್ತು ‘ಅಂತೊ’ ಇಂಗ್ಲಿಷಿನ ಎರಡು ಘರ್ಷಧ್ವನಿಗಳಿಗೆ (thin, this ಪದಗಳ ಮೊದಲ ಉಲಿಗಳಿಗೆ) ಬೇಕಾಗುತ್ತವೆ, ಕನ್ನಡಕ್ಕೆ ಬೇಡ. ಅವನ್ನು ಟ ಮತ್ತು ಡ ಎಂದು ಓದಿದರಾಯಿತು. ರಕಾರಕ್ಕೆ ‘ರೋಮೆನ್’ ಇರುವುದರಿಂದ ‘ಓರೆ’ ಬಿಡುವಾಗಿದೆ, ಅದು ಣಕಾರವಾಗಲಿ. ಳಕಾರಕ್ಕೆ ‘ಆಲ್ದ’ ಮೀಸಲಿಡುವುದನ್ನು ಮರೆಯಬೇಡಿ; ನಾನು ಮೊದಲು ಎಲ್ಲಕ್ಕೂ ‘ಲಂಬೆ’ಯನ್ನೇ ಬಳಸಿ, ಹಳ್ಳಿಗೆ ಹೋಗಿದ್ದನ್ನು ಹಲ್ಲಿಗೆ ಹೋದೆನೆಂದು ಬರೆದಿಟ್ಟುಕೊಂಡಿದ್ದೆ.

ನಿವೃತ್ತ ಕನ್ನಡ ಮೇಷ್ಟ್ರು:
ಲಿಪಿಮೋಹಿಯವರ ಸಲಹೆ ಸರಿಯಾಗಿದೆ. ಅದೇ ಅನುಬಂಧದಲ್ಲಿ ಇನ್ನೆರಡು ಅನುಕೂಲಗಳಿವೆ. ವ್ಯಂಜನದ ಮೇಲೆ ಎಳೆದ ಗೆರೆ ಅದರ ಹಿಂದೆ ಅದೇ ವರ್ಗದ ಅನುನಾಸಿಕವಿದೆಯೆಂದು ಹೇಳುತ್ತದೆ. ಅಂಗಡಿ, ತುಂಬೆ ಎಂಬಲ್ಲಿ ನಮ್ಮ ಸೊನ್ನೆ ಮಾಡುವ ಕೆಲಸವೂ ಇದೇ ಅಲ್ಲವೇ? ಟೋಲ್ಕೀನ್ ಅವರೇ ಕಲ್ಪಿಸಿದ ಕ್ವೆನ್ಯ ಎಂಬ ಭಾಷೆಯಲ್ಲಿ ಅಕಾರ ಹೆಚ್ಚಾಗಿ ಬರುವುದರಿಂದ ಅದರ ಗುರುತನ್ನು ಬಿಟ್ಟೇ ಬರೆಯುವ ರೂಢಿಯನ್ನೂ ಅಲ್ಲಿ ಹೇಳಿದ್ದಾರೆ. ನಾವೂ ಹಾಗೆಯೇ ಬಿಟ್ಟರೆ, ಅಕಾರದ ಮೂರು ಚುಕ್ಕೆಗಳು ದೀರ್ಘದ ಆಕಾರಕ್ಕೆ ಒದಗುತ್ತವೆ. ಆಗ ‘ತುಮಕೂರು’ ನಾಲ್ಕೇ ಅಕ್ಷರ: ಮೊದಲನೆಯದಕ್ಕೂ ಕೊನೆಯದಕ್ಕೂ ಒಂದೊಂದು ಕೊಕ್ಕೆ, ಕಕಾರಕ್ಕೆ ಜೋಡಿ ಕೊಕ್ಕೆ, ಮಕಾರದ ತಲೆ ಬೋಳು.

ಒಂದು ತೊಡಕು ಮಾತ್ರ ಉಳಿಯುತ್ತದೆ. ಮಹಾಪ್ರಾಣಕ್ಕೆ ಕಂಬವನ್ನು ಮೇಲೂ ಕೆಳಗೂ ಚಾಚಬೇಕು. ಆ ಆಕಾರ ಥಕಾರಕ್ಕೆ ಸಂದುಹೋದ ಮೇಲೆ ಠಕಾರಕ್ಕೆ ಏನೂ ಮಿಗುವುದಿಲ್ಲ. ಬೇರೆ ಊರಿನವರಾದರೆ ಠಕಾರವನ್ನು ಮರೆತುಬಿಡಿ ಎನ್ನುತ್ತಿದ್ದೆ, ಆದರೆ ಸಿದ್ಧಗಂಗಾ ಮಠವಿರುವ ಊರಿನವರಿಗೆ ಹಾಗೆಂದು ಹೇಳುವುದು ಹೇಗೆ?

ತುಮಕೂರಿನ ಹವ್ಯಾಸಿ:
ಮೇಷ್ಟ್ರೇ, ತಮಗೂ ಲಿಪಿಮೋಹಿಯವರಿಗೂ ಧನ್ಯವಾದಗಳು. ಠಕಾರವನ್ನು ಸದ್ಯಕ್ಕೆ ‘ಥೂಲೆ’ಯ ಪಕ್ಕದಲ್ಲಿ ಹಕಾರವಿಟ್ಟು ಬರೆದೆ, ಚೆಂದವಿಲ್ಲದಿದ್ದರೂ ಓದಲು ಬರುತ್ತದೆ. ಯೂನಿಕೋಡ್‌ನಲ್ಲಿ ಈ ಲಿಪಿಗೆ ಅಧಿಕೃತ ಸ್ಥಾನವಿಲ್ಲದ ಕಾರಣ ಇಲ್ಲಿ ಟೈಪಿಸಿದರೆ ತಮಗೆ ಬರೀ ಚೌಕಗಳು ಕಾಣಬಹುದು, ಆದ್ದರಿಂದ ಹಾಳೆಯ ಚಿತ್ರವನ್ನೇ ಸಂಜೆ ಹಾಕುತ್ತೇನೆ. ಅದು ಇಂದಿನ ದಿನಸಿ ಚೀಟಿ. ಬೆಳ್ಳುಳ್ಳಿಯ ಎರಡು ಒತ್ತುಗಳೂ ತಮ್ಮ ತಮ್ಮ ಜಾಗದಲ್ಲಿವೆ.