‘ನಿಯಂತ್ರಿತ ಪದಕೋಶ’ ಸರಿಯೇ? ಬೇರೆ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ,

ಕಲಬುರಗಿಯಲ್ಲಿ ಬಿಎಸ್ಸಿ ಓದುವ ಮಕ್ಕಳಿಗಾಗಿ ಪ್ರೋಟೀನ್ ದತ್ತಾಂಶದ ಬಗ್ಗೆ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. (‘ಸಸಾರಜನಕ’ ಯಾಕಿಲ್ಲ ಅಂತ ಕೇಳಬೇಡಿ. ಸಾರಜನಕ ಡಿಎನ್‌ಎಯಲ್ಲೂ ಇದೆ!) ‘ಕಂಟ್ರೋಲ್ಡ್ ವೊಕ್ಯಾಬುಲರಿ’ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ. ‘ನಿಯಂತ್ರಿತ ಪದಕೋಶ’ ಅಂತ ಬರೆದಿದ್ದೆ. ಓದಿದ ಹುಡುಗಿಯೊಬ್ಬಳು, “ಸರ್, ಬಳಸಬಾರದ ಪದಗಳ ಪಟ್ಟಿನಾ ಇದು?” ಅಂದಳು. ಅವಳದು ತಪ್ಪಲ್ಲ. ನಿಯಂತ್ರಣ ಅಂದ ಕೂಡಲೇ ತಡೆಯೇ ನೆನಪಾಗುತ್ತದೆ, ಅಲ್ವಾ?

ವಿಷಯ ಇಷ್ಟು. ನಮ್ಮ ಕಡೆ ಶೇಂಗಾ, ಮೈಸೂರು ಕಡೆ ಕಡಲೆಕಾಯಿ. ನಮಗೆ ಎರಡೂ ಒಂದೇ ಅಂತ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅದಕ್ಕೇ ವಸ್ತುವಿಗೆ ಒಂದು ನಂಬರ್ ಕೊಟ್ಟು, ಅರ್ಥ ಬರೆದಿಟ್ಟು, ಎರಡೂ ಹೆಸರನ್ನು ಆ ನಂಬರಿಗೆ ಕಟ್ಟುತ್ತಾರೆ. ಇಂಥ ಪದಗಳ ಸಂಗ್ರಹವೇ ‘ಕಂಟ್ರೋಲ್ಡ್ ವೊಕ್ಯಾಬುಲರಿ’.

ಪ್ರೋಟೀನ್ ತುಣುಕುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರಿನ ಕಥೆಯೂ ಇದೇ. ಒಂದೊಂದು ಕಂಪನಿಯ ಯಂತ್ರಕ್ಕೆ ಒಂದೊಂದು ನಮೂನೆಯ ಫೈಲು. ಇದನ್ನು ಸರಿಪಡಿಸಲು 2002ರಲ್ಲಿ ಪ್ರೋಟೀನ್ ಸಂಶೋಧಕರ ಅಂತರರಾಷ್ಟ್ರೀಯ ಸಂಸ್ಥೆ ‘ಹ್ಯೂಪೋ’ದ ಅಡಿ ಒಂದು ತಂಡ ಶುರುವಾಯಿತು. ಎಲ್ಲ ಯಂತ್ರಕ್ಕೂ ಹೊಂದುವಂತೆ ಅವರು ಮಾಡಿದ ‘ಎಂಝಡ್‌ಎಂಎಲ್’ ಫೈಲಿನಲ್ಲಿ ‘ಎಂಎಸ್:1000511’ ಅಂತಿದ್ದರೆ, ಅದರ ಜೊತೆಗಿರುವ ಅಂಕಿ ಎಷ್ಟನೇ ಹಂತದ ಅಳತೆ ಅಂತ ಹೇಳುತ್ತದೆ (ತುಣುಕನ್ನು ಒಡೆದು ಮತ್ತೆ ತೂಗಿದರೆ ಅದು ಎರಡನೇ ಹಂತ). ಯಂತ್ರ ಯಾವ ಕಂಪನಿಯದಾದರೂ ಸರಿ. ಅರ್ಥ ಹೊರುವುದು ನಂಬರ್, ಹೆಸರಲ್ಲ. ಹಾಗಾಗಿ ನಮ್ಮ ಟಿಪ್ಪಣಿಯಲ್ಲಿ ನಂಬರಿನ ಪಕ್ಕ ಕನ್ನಡದ ಹೆಸರು ಇಟ್ಟರೂ ಅರ್ಥ ಕೆಡುವುದಿಲ್ಲ. ನನಗೆ ಇದು ಬಹಳ ಹಿಡಿಸಿತು.

ಅಂದರೆ ಇಲ್ಲಿರುವುದು ತಡೆಗಿಂತ ಜಾಸ್ತಿ ಒಪ್ಪಂದ. ‘ಒಪ್ಪಿತ ಪದಪಟ್ಟಿ’ ಅನ್ನಬಹುದೇ? ಇದಕ್ಕೆ ಮೊದಲ ತಕರಾರು ನನ್ನದೇ. ಪಟ್ಟಿ ಅಂದರೆ ಸುಮ್ನೆ ಹೆಸರುಗಳ ಸಾಲು ಅನ್ನಿಸುತ್ತದೆ, ಅರ್ಥ ಬರೆದಿಟ್ಟಿದ್ದು ಮರೆಯಾಗುತ್ತದೆ. ‘ಗೊತ್ತುಪಡಿಸಿದ ಪದಗಳು’ ಅಂತ ಸಹೋದ್ಯೋಗಿಯೊಬ್ಬರು ಹೇಳಿದರು. ಅರ್ಥವೇನೋ ಸರಿ, ಆದರೆ ಉದ್ದ.

ಇನ್ನೊಂದು ಪದ ‘ಆಂಟಾಲಜಿ’. ನಿಘಂಟಿನ ‘ಸತ್ತಾಮೀಮಾಂಸೆ’ ತತ್ವಶಾಸ್ತ್ರದ್ದು, ಇಲ್ಲಿಗೆ ಆಗುವುದಿಲ್ಲ. ಜೀನುಗಳ ಕೆಲಸ, ಜಾಗ ಹೇಳುವ ಪದಗಳ ಸಂಗ್ರಹವಾದ ‘ಜೀನ್ ಆಂಟಾಲಜಿ’ಯಲ್ಲಿ ಪದಪದಕ್ಕೂ ನಂಟು ಇರುತ್ತದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯದ ಒಳಪೊರೆ ‘ಒಂದು ಬಗೆಯ’ ಪೊರೆ, ಜೊತೆಗೆ ಮೈಟೋಕಾಂಡ್ರಿಯದ ‘ಭಾಗ’. ಹೀಗೆ ಒಂದು ಪದಕ್ಕೆ ಮೇಲೆ ಇಬ್ಬರು ಹಿರಿಯರು ಇರಬಹುದು. ಹಾಗಾಗಿ ‘ಪದವೃಕ್ಷ’ ಹೊಂದುವುದಿಲ್ಲ, ಮರದ ರೆಂಬೆ ಎರಡು ಕಡೆಯಿಂದ ಹುಟ್ಟುವುದಿಲ್ಲವಲ್ಲ. ‘ಪದನಂಟು’ ಅಂತ ಬರೆದು ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿಟ್ಟಿದ್ದೇನೆ. ನೀವು ಯಾರಾದರೂ ಪಾಠದಲ್ಲೋ ಲೇಖನದಲ್ಲೋ ಈ ಎರಡಕ್ಕೆ ಕನ್ನಡ ಪದ ಬಳಸಿದ್ದರೆ, ಆ ವಾಕ್ಯವನ್ನೇ ಕಳಿಸಿ.