ಕಂದು ಕಾಗದದ ಮೇಲೆ ಕಾಲಿನ ಗೆರೆ

ಅಟ್ಲಾಂಟಾ ಅಕ್ಕನ ಮಗಳು ಪುಟ್ಟಿ ಬರೆದ ಕಥೆಯ ಸುತ್ತ ಮೊನ್ನೆ ಭಾನುವಾರ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಟಾಪಟಿ ಇದು. ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ (ಚಿಕ್ಕಪ್ಪ ಮಾತ್ರ "ಏನಾದ್ರೂ ಮಾಡ್ಕೋ" ಅಂದರು). ಹೆಸರು ತೆಗೆದು, ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೆ ಬಿಟ್ಟಿದ್ದೇನೆ. ನಡುವೆ ಬಂದ ಗುಡ್ ಮಾರ್ನಿಂಗ್ ಗುಲಾಬಿಗಳನ್ನೂ ಅಡಿಕೆ ರೇಟನ್ನೂ ಕಿತ್ತುಹಾಕಿದ್ದೇನೆ.

ಅಟ್ಲಾಂಟಾ ಅಕ್ಕ: ಪುಟ್ಟಿ ಸ್ಕೂಲಿಗೆ ಬರೆದ ಕಥೆ, ಪಿಡಿಎಫ್ ಹಾಕಿದೀನಿ. ಅಮ್ಮನಿಗೋಸ್ಕರ ಕನ್ನಡದಲ್ಲಿ ಹೇಳಿ ವಾಯ್ಸ್ ಮೆಸೇಜೂ ಕಳ್ಸಿದೀನಿ. ಅಮೆರಿಕದ ಜಾರ್ಜಿಯಾ, 1938. ಕೋರಿಗೆ, ಅಂದ್ರೆ ಬೆಳೇಲಿ ಧಣಿಗೆ ಪಾಲು ಕೊಟ್ಟು, ಹತ್ತಿ ಬೆಳೆಯೋ ಕಪ್ಪು ಜನರ ಮನೆ. ಶನಿವಾರ ಪೇಟೆಗೆ ಹೊರಡೋ ಮುಂಚೆ ಅಮ್ಮ ದಿನಸಿ ಕಟ್ಟಿಸಿಕೊಂಡು ಬಂದ ಕಂದು ಕಾಗದ ನೆಲಕ್ಕೆ ಹಾಸಿ, ಮಗಳ ಕಾಲು ಅದರ ಮೇಲಿಡಿಸಿ ಸುತ್ತ ಪೆನ್ಸಿಲಲ್ಲಿ ಗೆರೆ ಎಳೀತಾಳೆ. ಅಂಗಡೀಲಿ ಬಿಳಿ ಮಕ್ಕಳು ಬೆಂಚಿನ ಮೇಲೆ ಕೂತು ಶೂ ಹಾಕಿ ನೋಡ್ತಾರೆ. ಇವಳು ಕಾಗದ ಕೊಡ್ತಾಳೆ.

ಚಿಕ್ಕಪ್ಪ: ಪುಟ್ಟಿಗೆ ಆಶೀರ್ವಾದ. ಆದ್ರೆ ಇಷ್ಟು ಚಿಕ್ಕ ಮಗುಗೆ ಇಂಥ ವಿಷಯ ಯಾಕಮ್ಮ? ತೋಟ, ದೀಪಾವಳಿ, ಅಜ್ಜಿ ಮನೆ ಅಂತ ಬರೀಬಹುದಿತ್ತು.

ಚಿಕ್ಕಪ್ಪ: ಅಲ್ದೆ ಸ್ವಲ್ಪ ಅತಿ ಆಯ್ತು. ಕಾಲಿನ ಅಳತೆ ಒಯ್ಯೋದು ಬಡತನ. ಅದಕ್ಕೆ ವರ್ಣಭೇದ ಅಂತ ಹಣೆಪಟ್ಟಿ ಯಾಕೆ? ನಂಗೂ ಅಪ್ಪ ತೆಂಗಿನ ಕಡ್ಡಿ ಮುರಿದು ಅಳತೆ ತಗೊಂಡು ತೀರ್ಥಹಳ್ಳಿಯಿಂದ ಚಪ್ಪಲಿ ತಂದದ್ದು. ನಾನೇನು ಕಥೆ ಬರೆದ್ನಾ?

ಸಾಗರದ ಅತ್ತೆ: ನಂಗೆ ಕಡ್ಡೀನೂ ಇರ್ಲಿಲ್ಲ. ನೀನು ಹಾಕಿ ಬಿಟ್ಟಿದ್ದೇ.

ಅಟ್ಲಾಂಟಾ ಅಕ್ಕ: ಬಡತನ ಒಂದೇ ಅಲ್ಲ ಚಿಕ್ಕಪ್ಪ. ಕೈಲಿ ದುಡ್ಡಿದ್ದ ಕಪ್ಪು ಟೀಚರ್‌ಗೂ ಅಮೆರಿಕದ ದಕ್ಷಿಣ ರಾಜ್ಯಗಳ ಎಷ್ಟೋ ಅಂಗಡೀಲಿ ಇದೇ ಪಾಡು. ಅವರು ಕಾಲು ಹಾಕಿದ ಶೂ ಬಿಳಿಯರು ಮುಟ್ಟಲ್ಲ ಅನ್ನೋದು ಅಂಗಡಿಯವನ ಲೆಕ್ಕ. ಟೋಪಿ ಆದ್ರೆ ತಲೆಗೆ ಮೊದ್ಲು ಬಟ್ಟೆ ಹಾಕ್ಕೋಬೇಕು. ಮನೆಗೆ ತಂದ ಮೇಲೆ ಬಿಗಿ ಆದ್ರೆ ವಾಪಸ್ ತಗೊಳ್ಳಲ್ಲ.

ಚಿಕ್ಕಪ್ಪ: ಹಾಗಂತ ಕಾನೂನಿತ್ತಾ? ಯಾವ ಸೆಕ್ಷನ್ನು?

(ಚಿಕ್ಕಪ್ಪ ರೆವಿನ್ಯೂ ಇಲಾಖೆಯಲ್ಲಿ ರಿಟೈರ್ ಆದವರು. ಮದುವೆ ಮನೆಯ ಊಟದ ಪಂಕ್ತಿಗೂ ಸೆಕ್ಷನ್ ಕೇಳುತ್ತಾರೆ.)

ಅಟ್ಲಾಂಟಾ ಅಕ್ಕ: ರೈಲಿಗೆ, ಶಾಲೆಗೆ ಇತ್ತು. ಬೇರೆ ಬೇರೆ ಕೂರಿಸಿದ್ರೂ ಸೌಲಭ್ಯ ಸಮ ಇದ್ರೆ ಆಯ್ತು ಅಂತ 1896ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. ಶಾಲೆಗಳ ಮಟ್ಟಿಗೆ ಅದು ಬಿದ್ದುಹೋದದ್ದು 1954ರಲ್ಲಿ. ಶೂಗೆ ಕಾನೂನೇ ಬೇಕಿರ್ಲಿಲ್ಲ, ರೂಢಿ ಸಾಕಿತ್ತು. ಮೀರಿದ್ರೆ ಏನಾಗುತ್ತೆ ಅಂತ ಎಲ್ರಿಗೂ ಗೊತ್ತು. 1955ರಲ್ಲಿ ಶಿಕಾಗೋದಿಂದ ಮಿಸಿಸಿಪ್ಪಿಗೆ ನೆಂಟರ ಮನೆಗೆ ಬಂದಿದ್ದ ಎಮೆಟ್ ಟಿಲ್‌ಗೆ 14 ವರ್ಷ. ಅಂಗಡೀಲಿದ್ದ ಬಿಳಿ ಹೆಂಗಸಿನ ಹತ್ರ ಸಲಿಗೆಯಿಂದ ನಡ್ಕೊಂಡ ಅಂತ ರಾತ್ರಿ ಎತ್ತಿಕೊಂಡು ಹೋಗಿ ಕೊಂದ್ರು. ಬರೀ ಬಿಳಿಯರೇ ಇದ್ದ ಜ್ಯೂರಿ ಆರೋಪಿಗಳಿಬ್ಬರನ್ನೂ ಬಿಟ್ಟುಕಳಿಸ್ತು.

ಸಾಗರದ ಅತ್ತೆ: ಅಯ್ಯೋ. ಅಂಥ ಊರು ಬಿಟ್ಟು ಹೋಗಬಾರದಿತ್ತಾ ಅವ್ರು?

ಮಲ್ಲೇಶ್ವರಂ ತಮ್ಮ: ಹೋದ್ರಲ್ಲ ಅತ್ತೆ. 1910ರಿಂದ 1970ರ ಒಳಗೆ ಸುಮಾರು 60 ಲಕ್ಷ ಜನ ದಕ್ಷಿಣ ಬಿಟ್ರು, ಶಿಕಾಗೋ, ಡೆಟ್ರಾಯ್ಟ್, ನ್ಯೂಯಾರ್ಕ್ ಅಂತ. ಆದ್ರೆ ಕೋರಿನವರಿಗೆ ಅಷ್ಟು ಸುಲಭ ಇರ್ಲಿಲ್ಲ. ಬೀಜ, ಹೇಸರಗತ್ತೆ, ದಿನಸಿ ಎಲ್ಲಾ ಧಣಿ ಹತ್ರ ಸಾಲ. ಹತ್ತಿ ಮಾರಿದ ಮೇಲೆ ಲೆಕ್ಕದ ಪುಸ್ತಕ ತೆಗೆಯೋನೂ ಅವನೇ, ಕೂಡಿ ಕಳೆಯೋನೂ ಅವನೇ.

ಚಿಕ್ಕಪ್ಪ: ಗೇಣಿ ವಿಷಯ ನಂಗೆ ಪಾಠ ಹೇಳಬೇಡ. 1974ರಲ್ಲಿ ಉಳುವವನೇ ಒಡೆಯ ಅಂತ ಕಾನೂನು ಬಂದಾಗ ಜಮೀನು ಕಳ್ಕೊಂಡವರು ನಾವು.

ಸಾಗರದ ಅತ್ತೆ: ಶುರುವಾಯ್ತು.

ಮಲ್ಲೇಶ್ವರಂ ತಮ್ಮ: ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಇಂಡಿಯಾಗೆ ಬಂದಾಗ ಕೇರಳದಲ್ಲಿ ದಲಿತ ಮಕ್ಕಳ ಶಾಲೆಗೆ ಹೋಗಿದ್ರಂತೆ. ಅಲ್ಲಿನ ಹೆಡ್‌ಮಾಸ್ಟರು "ಇವರು ಅಮೆರಿಕದ ಅಸ್ಪೃಶ್ಯರು" ಅಂತಲೇ ಪರಿಚಯ ಮಾಡಿಸಿದ್ರು. ಮೊದ್ಲು ಶಾಕ್ ಆಯ್ತು, ಬೇಸರಾನೂ ಆಯ್ತು, ಆಮೇಲೆ ಹೌದಲ್ಲ ಅನ್ನಿಸ್ತು ಅಂತ ಕಿಂಗೇ ಆಮೇಲೆ ಅಟ್ಲಾಂಟಾದ ಚರ್ಚಿನಲ್ಲಿ ಹೇಳ್ಕೊಂಡಿದಾರೆ.

ಚಿಕ್ಕಪ್ಪ: ಎಲ್ಲಿಂದ ಎಲ್ಲಿಗೆ ಗಂಟು ಹಾಕ್ತೀರಪ್ಪ. ಅದೇ ಬೇರೆ, ಇದೇ ಬೇರೆ.

ನಾನು: ನಂಗೆ ಬೇರೆ ಒಂದು ಅನುಮಾನ. ಪುಟ್ಟಿ ಆ ಹುಡುಗಿಯಾಗಿ "ನಾನು, ನಾನು" ಅಂತ ಬರೆದಿದಾಳೆ. ಅವಳ ಕ್ಲಾಸಲ್ಲಿ ಕಪ್ಪು ಮಕ್ಕಳೂ ಇದಾರಲ್ಲ, ಅವರಿಗೆ ಹೇಗನ್ಸುತ್ತೆ?

ಅಟ್ಲಾಂಟಾ ಅಕ್ಕ: ಅವಳ ಗೆಳತಿಯ ಮುತ್ತಜ್ಜಿಯಿಂದ ಕೇಳಿದ್ದು ಕಣೋ ಇದು. ಗೆಳತಿಗೆ ತೋರಿಸೇ ಬರೆದಿದಾಳೆ. ಆದ್ರೂ ನಿನ್ನ ಮಾತು ಸರಿ, "ಅವಳು" ಅಂತ ತಿದ್ದಬೇಕೇನೋ.

ಆಗ ದೊಡ್ಡಮ್ಮನ ವಾಯ್ಸ್ ಮೆಸೇಜ್ ಬಂತು. ದೊಡ್ಡಮ್ಮ ಅಂದರೆ ಪುಟ್ಟಿಯ ಅಜ್ಜಿ. ಹಿಂದೆ ಕುಕ್ಕರ್ ಕೂಗುತ್ತಿತ್ತು. ಇದ್ದ ಹಾಗೇ ಬರೆದಿದ್ದೇನೆ.

ದೊಡ್ಡಮ್ಮ: "ನೋಡೋ, ನಿನ್ನ ಕಾಲಿನ ಅಳತೆ ಮಾವ ತೆಗೀಲಿಲ್ಲ, ನಾನು ತೆಗೆದದ್ದು. ಆಗಷ್ಟೇ ಮದುವೆಯಾಗಿ ಬಂದಿದ್ದೆ, ನೀನು ಮೂರನೇ ಕ್ಲಾಸು. ಕಡ್ಡಿ ಹಿಮ್ಮಡಿಗೆ ತಾಗಿದ್ರೆ ಕಚಗುಳಿ ಅಂತ ಕುಣೀತಿದ್ದೆ. ನೀನು ಮನೇಲಿದ್ದೆ, ಅಂಗಡಿ ದೂರ ಇತ್ತು, ಅದಕ್ಕೆ ಕಡ್ಡಿ. ಆ ಹುಡುಗಿ ಅಂಗಡಿ ಒಳಗೇ ನಿಂತಿದಾಳಲ್ಲೋ. ಕಾಲು ಅಲ್ಲೇ ಇದೆ. ಕಾಲಿದ್ದೂ ಕಾಗದ ಕೊಡಬೇಕು ಅಂದ್ರೆ ಅದು ಬಡತನ ಹ್ಯಾಗಾಗುತ್ತೆ? ಮತ್ತೆ ಅದೇ ಬೇರೆ ಇದೇ ಬೇರೆ ಅಂದ್ಯಲ್ಲ. ತೋಟದ ಆಳುಗಳಿಗೆ ಕೊಟ್ಟಿಗೆ ಹಿಂದೆ ಕರಟದಲ್ಲಿ ಕಾಫಿ. ಮೇಲಿಂದ ಎರೀತಿದ್ದದ್ದು ನಾನೇ, ತಾಗಬಾರದು ಅಂತ. ಕುಡಿದು, ತೊಳೆದು, ಬೇಲಿ ಗೂಟಕ್ಕೆ ಸಿಕ್ಕಿಸಿ ಹೋಗ್ತಿದ್ರು. ನಮ್ಮ ಬೇಲಿಯ ದಣಪೆ ದಾಟೋ ತನಕ ಚಪ್ಪಲಿ ಕೈಲಿ ಹಿಡ್ಕೊಂಡು ನಡೀತಿದ್ರು, ಮಳೆಗಾಲದ ಕೆಸರಲ್ಲೂ. ನೀನೂ ನೋಡಿದೀಯ. ಇರು, ಅನ್ನ ಸೀದುಹೋಗುತ್ತೆ."

ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಚಿಕ್ಕಪ್ಪ "ಟೈಪ್ ಮಾಡುತ್ತಿದ್ದಾರೆ" ಅಂತ ಬರುವುದು, ಹೋಗುವುದು.

ಚಿಕ್ಕಪ್ಪ: ಅತ್ತಿಗೆ, ಇದು ಫ್ಯಾಮಿಲಿ ಗ್ರೂಪು. ಮಕ್ಕಳೂ ಇರ್ತಾರೆ.

ದೊಡ್ಡಮ್ಮ: ಮಗುವೇ ಅಲ್ವಾ ಬರೆದದ್ದು

ಚಿಕ್ಕಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಸಾಗರದ ಅತ್ತೆ: ಏನು ಹಾಕಿದ್ದೆ? ನಾನು ಓದೋದ್ರೊಳಗೆ ಹೋಯ್ತು.

ಉತ್ತರವಿಲ್ಲ. ಸಂಜೆ ಏಳಕ್ಕೆ ಮತ್ತೆ ದೊಡ್ಡಮ್ಮ.

ದೊಡ್ಡಮ್ಮ: "ಪುಟ್ಟಿ, ಕಥೇಲಿ ಒಂದು ತಪ್ಪಿದೆ ಮಗಾ. ಆ ತಾಯಿ ಬೆಳಿಗ್ಗೆ ಎದ್ದು ಅಳತೆ ತೆಗೀತಾಳೆ ಅಂತ ಬರೆದಿದೀಯ. ಹಿಂದಿನ ದಿನ ಸಂಜೆ ತೆಗೀಬೇಕು. ಹೊಲದಲ್ಲಿ ದಿನಾ ನಿಂತ ಕಾಲು ಸಂಜೆಗೆ ಊದಿರುತ್ತೆ. ಬೆಳಿಗ್ಗೆ ಗೆರೆಗೆ ತಂದದ್ದು ಸಂಜೆಗೆ ಕಚ್ಚುತ್ತೆ. ಅಂಗಡಿಯವನು ವಾಪಸ್ ತಗೊಳ್ಳಲ್ವಲ್ಲ, ಹಾಗಾಗಿ ಆ ತಾಯಿಗೆ ಇದು ಗೊತ್ತೇ ಇರುತ್ತೆ. ಪೆನ್ಸಿಲ್ ನೆಟ್ಟಗೆ ಹಿಡೀಬೇಕು, ಓರೆ ಹಿಡಿದ್ರೆ ಗೆರೆ ಪಾದದ ಅಡಿ ಹೋಗಿ ಶೂ ಚಿಕ್ಕದಾಗುತ್ತೆ."

ಅಟ್ಲಾಂಟಾ ಅಕ್ಕ: ಅಮ್ಮಾ, ಈಗ ಪುಟ್ಟಿ ನನ್ನ ಕಾಲು ಕಾಗದದ ಮೇಲೆ ಇಡಿಸ್ಕೊಂಡು ಗೆರೆ ಎಳೀತಿದಾಳೆ. ಎರಡು ಕಾಲೂ ಒಂದೇ ಅಳತೆ ಬರ್ತಿಲ್ಲ ಅಂತಾಳೆ.

ದೊಡ್ಡಮ್ಮ: ಬರಲ್ಲ. ದೊಡ್ಡ ಕಾಲಿಂದು ತಗೋ ಅನ್ನು

ಚಿಕ್ಕಪ್ಪ: ನಂಗೆ ಎಡಗಾಲು ದೊಡ್ಡದು.

ದೊಡ್ಡಮ್ಮ: ಗೊತ್ತು