ಕಳೆದುಹೋದ ಚಿತ್ರದ ಹುಡುಕಾಟ ಮತ್ತು ಪ್ರೇಮ: ಒಂದೇ ಕಾದಂಬರಿಯಲ್ಲಿ ಎರಡನ್ನೂ ಹೆಣೆಯುವುದು ಹೇಗೆ?

ಹಳೆಹಾಳೆ:

ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ಯಾರಿಸ್‌ನ ಯಹೂದಿ ಕುಟುಂಬವೊಂದರಿಂದ ನಾಜಿಗಳು ಕಿತ್ತುಕೊಂಡು ಹೋದ ವರ್ಣಚಿತ್ರವನ್ನು ಹುಡುಕುವ ಕಥೆಯೊಂದನ್ನು ಕಾದಂಬರಿಯಾಗಿ ಬರೆಯುತ್ತಿದ್ದೇನೆ. ಆ ಮನೆಯ ಮೊಮ್ಮಗಳೂ ಚಿತ್ರಗಳ ಒಡೆತನದ ಇತಿಹಾಸವನ್ನು ಪರಿಶೀಲಿಸುವ ಸಂಶೋಧಕನೊಬ್ಬನೂ ಜೊತೆಯಾಗಿ ಹುಡುಕುತ್ತಾರೆ, ಹುಡುಕುತ್ತಲೇ ಪರಸ್ಪರ ಒಲಿಯುತ್ತಾರೆ. ತೊಡಕು ಇರುವುದು ಇಲ್ಲಿಯೇ: ಸುಳಿವು ಸಿಗುವ ಅಧ್ಯಾಯಗಳಲ್ಲಿ ಪ್ರೇಮವು ಬದಿಗೆ ಸರಿದು ನಿಲ್ಲುತ್ತದೆ, ಪ್ರೇಮದ ಅಧ್ಯಾಯಗಳಲ್ಲಿ ಚಿತ್ರದ ನೆನಪೇ ಯಾರಿಗೂ ಇರುವುದಿಲ್ಲ. ಇವೆರಡನ್ನೂ ಒಂದೇ ಕಥೆಯಾಗಿಸುವ ದಾರಿ ಯಾವುದು? ಇಂಥ ಕಾದಂಬರಿಗಳನ್ನು ಪ್ರೀತಿಯಿಂದ ಓದುವವರು ದಯವಿಟ್ಟು ತಿಳಿಸಿ.

ನೀಲಿಶಾಯಿ:

ಮೊದಲು ಸುಳಿವುಗಳತ್ತ ನೋಡಿ. ಈ ಬಗೆಯ ಕಥೆಗಳಲ್ಲಿ ರಹಸ್ಯ ನಕ್ಷೆ, ಸಂಕೇತಲಿಪಿಯ ಪತ್ರ ಮುಂತಾದವು ಬೇಗ ಬಂದುಬಿಡುತ್ತವೆ. ನಿಜವಾದ ಹುಡುಕಾಟ ನಡೆಯುವುದು ಹೆಚ್ಚಾಗಿ ಚಿತ್ರದ ಹಿಂಬದಿಯಲ್ಲಿ. ಅಲ್ಲಿ ಹರಾಜು ಸಂಸ್ಥೆಯ ಚೀಟಿ, ಸಾಗಣೆದಾರರ ಗುರುತು, ಕ್ಯಾನ್ವಾಸ್ ಬಿಗಿದ ಮರದ ಪಟ್ಟಿಯ ಮೇಲೆ ಯಾರೋ ಬರೆದ ಸಂಖ್ಯೆ ಇವೆಲ್ಲ ಉಳಿದಿರುತ್ತವೆ. ವರ್ಮೀರ್‌ನ ‘ಖಗೋಳಶಾಸ್ತ್ರಜ್ಞ’ ಚಿತ್ರವನ್ನು 1940ರಲ್ಲಿ ರಾತ್‌ಶೀಲ್ಡ್ ಕುಟುಂಬದಿಂದ ವಶಪಡಿಸಿಕೊಂಡಾಗ ನಾಜಿಗಳು ಅದರ ಹಿಂಬದಿಗೆ ಕಪ್ಪು ಶಾಯಿಯಲ್ಲಿ ಸಣ್ಣದೊಂದು ಸ್ವಸ್ತಿಕದ ಮುದ್ರೆ ಒತ್ತಿದ್ದರು. ಮುಂಬದಿಯಲ್ಲಿ ಕಿಟಕಿಯ ಬೆಳಕಿಗೆ ಮುಖವೊಡ್ಡಿ ಗೋಳದ ಮೇಲೆ ಕೈಯಿಟ್ಟ ವಿದ್ವಾಂಸ, ಹಿಂಬದಿಯಲ್ಲಿ ಆ ಮುದ್ರೆ! ಅಜ್ಜಿಯ ಮನೆಯ ಗೋಡೆಯ ಮೇಲಿದ್ದ ಮುಂಬದಿಯನ್ನಷ್ಟೇ ನಿಮ್ಮ ನಾಯಕಿ ಕೇಳಿ ಬಲ್ಲಳು, ಹಿಂಬದಿಯನ್ನಷ್ಟೇ ನಾಯಕ ಓದಬಲ್ಲನು. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಚಿತ್ರವು ಪೂರ್ತಿಯಾಗಿ ಕಾಣಲಾರದೆಂದಾದರೆ, ಸುಳಿವಿನ ಪ್ರತಿ ಅಧ್ಯಾಯವೂ ಅವರಿಬ್ಬರ ಅಧ್ಯಾಯವೇ ಆಗುತ್ತದೆ.

ರೋಸ್ ವಲಾಂ ಅವರ ಬಗೆಗೂ ಓದಿಕೊಳ್ಳಿ. ಲೂಟಿಯಾದ ಚಿತ್ರಗಳನ್ನೆಲ್ಲ ತಂದು ಸೇರಿಸುತ್ತಿದ್ದ ಪ್ಯಾರಿಸ್‌ನ ಜ್ಯೂ ದ ಪೋಮ್ ಸಂಗ್ರಹಾಲಯದಲ್ಲಿ, ತಮಗೆ ಜರ್ಮನ್ ಬಾರದೆಂಬಂತೆ ಇದ್ದುಕೊಂಡು, ಯಾವ ಚಿತ್ರ ಎಲ್ಲಿಗೆ ಹೋಯಿತೆಂಬುದನ್ನು ಅವರು ಗುಟ್ಟಾಗಿ ಬರೆದಿಡುತ್ತಿದ್ದರು. ಯುದ್ಧ ಮುಗಿದ ಮೇಲೆ ಸಾವಿರಾರು ಕೃತಿಗಳು ಮರಳಿ ಸಿಕ್ಕಿದ್ದರಲ್ಲಿ ಆ ಟಿಪ್ಪಣಿಗಳ ಪಾಲು ಬಹಳ ದೊಡ್ಡದು.

ಮರದನೆರಳು:

ಹಿಂಬದಿ, ಮುಂಬದಿಯ ಮಾತು ನನಗೂ ಹಿಡಿಸಿತು. ಆದರೆ ಅಷ್ಟರಿಂದಲೇ ಪ್ರೇಮಕ್ಕೆ ಪರೀಕ್ಷೆ ಎದುರಾಗುವುದಿಲ್ಲ. ಇಬ್ಬರೂ ಒಂದೇ ಪಕ್ಷದಲ್ಲಿರುವವರೆಗೆ ಅವರ ಒಲವಿಗೆ ಅಡ್ಡ ಬರುವಂಥದ್ದು ಏನಿದೆ? ಚಿತ್ರವು ಸಂಶೋಧಕನ ಸಂಗ್ರಹಾಲಯದಲ್ಲಿಯೇ ಇರಲಿ, ಅಥವಾ ಅವನ ತಾಯಿಯ ಮನೆಯಲ್ಲಿರಲಿ. ಕಾನೂನೇ ನಿಮಗೆ ಇಲ್ಲಿ ನೆರವಾಗುತ್ತದೆ. ಕದ್ದವನಿಂದ ಕೊಂಡವನಿಗೆ ಒಡೆತನ ಬರುವುದಿಲ್ಲವೆಂಬುದು ಅಮೆರಿಕದ ಸಾಮಾನ್ಯ ನಿಲುವು. ಯುರೋಪಿನ ಹಲವು ದೇಶಗಳಲ್ಲಾದರೋ, ತಿಳಿಯದೆ ಪ್ರಾಮಾಣಿಕವಾಗಿ ಕೊಂಡವನಿಗೆ ನಿರ್ದಿಷ್ಟ ಅವಧಿಯ ನಂತರ ಹಕ್ಕು ದೊರೆಯಬಹುದು. ನಾಜಿಗಳು ಕಿತ್ತುಕೊಂಡ ಕಲಾಕೃತಿಗಳ ಕುರಿತು 1998ರಲ್ಲಿ 44 ದೇಶಗಳು ಒಪ್ಪಿದ ವಾಷಿಂಗ್ಟನ್ ತತ್ತ್ವಗಳು ನ್ಯಾಯಯುತ ಪರಿಹಾರವನ್ನು ಬಯಸುತ್ತವೆಯೇ ಹೊರತು ಕಾನೂನಿನಂತೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಹೀಗಾಗಿ ಇಬ್ಬರೂ ತಪ್ಪಿತಸ್ಥರಲ್ಲದೆಯೂ ಎದುರಾಳಿಗಳಾಗಬಹುದು. ಚಿತ್ರದ ಹಿಂದಿನ ಸಂಖ್ಯೆಯನ್ನು ಅವನೊಬ್ಬನೇ ನೋಡಿರುವ ಆ ರಾತ್ರಿ ಅವಳಿಗೆ ಹೇಳುವನೋ ಇಲ್ಲವೋ ಎಂಬುದರಲ್ಲಿ ನಿಮ್ಮ ಇಡೀ ಕಾದಂಬರಿಯಿದೆ ಎಂದು ನನಗೆ ತೋರುತ್ತದೆ.

ಸಂಜೆಬೆಳಕು:

ಒಂದೇ ಮಾತು, ಕೊನೆಯ ಕುರಿತು. ಚಿತ್ರ ಸಿಕ್ಕಲೇಬೇಕೆಂದು ಹಟ ಹಿಡಿಯಬೇಡಿ. ಪೋಲೆಂಡಿನಿಂದ ನಾಜಿಗಳು ಒಯ್ದ ರಾಫೆಲ್‌ನ ‘ತರುಣನ ಭಾವಚಿತ್ರ’ 1945ರಿಂದ ಇಂದಿನವರೆಗೂ ಪತ್ತೆಯಿಲ್ಲ. ಬಾಸ್ಟನ್ನಿನ ಗಾರ್ಡ್‌ನರ್ ಸಂಗ್ರಹಾಲಯದಲ್ಲಿ 1990ರಲ್ಲಿ 13 ಕೃತಿಗಳು ಕಳವಾದವು. ಅಲ್ಲಿ ಖಾಲಿ ಚೌಕಟ್ಟುಗಳು ಈಗಲೂ ಗೋಡೆಯ ಮೇಲಿವೆ. ಸಿಗುವುದಾದರೆ ಆಕಸ್ಮಿಕದಿಂದ ಸಿಗಿಸಬೇಡಿ. 1997ರಲ್ಲಿ ಇಟಲಿಯ ಪಿಯಾಚೆಂಜಾದ ಗ್ಯಾಲರಿಯಿಂದ ಕಾಣೆಯಾದ ಕ್ಲಿಮ್ಟ್‌ನ ಚಿತ್ರವು, 2019ರಲ್ಲಿ ಅದೇ ಕಟ್ಟಡದ ಹೊರಗೋಡೆಯ ಬಳ್ಳಿಯನ್ನು ತೆಗೆಯುತ್ತಿದ್ದ ತೋಟದ ಕೆಲಸಗಾರರಿಗೆ ಸಿಕ್ಕಿತು. ಬದುಕಿನಲ್ಲಿ ನಡೆದದ್ದೆಂದು ನಾವು ಅದನ್ನು ನಂಬುತ್ತೇವೆ, ಕಾದಂಬರಿಯಲ್ಲಾದರೆ ಓದುಗರು ಒಪ್ಪುವುದಿಲ್ಲ.

ಹಳೆಹಾಳೆ:

ಮೂವರಿಗೂ ವಂದನೆಗಳು. ಚಿತ್ರವನ್ನು ಅವನ ತಾಯಿಯ ಊಟದ ಕೋಣೆಯಲ್ಲಿಯೇ ಇಡಲು ನಿರ್ಧರಿಸಿದ್ದೇನೆ. ನಾಯಕಿಯು ಅತಿಥಿಯಾಗಿ ಅದರ ಎದುರಿಗೇ ಕುಳಿತಿರುತ್ತಾಳೆ, ಅಜ್ಜಿ ಹೇಳಿದ್ದ ನೀಲಿ ಹೂಜಿಯನ್ನು ಅದರಲ್ಲಿ ಗುರುತಿಸುತ್ತಾಳೆ, ಆದರೆ ಮಾತನಾಡುವುದಿಲ್ಲ. ಹೀಗಾದಾಗ ಮೌನದ ಹೊರೆ ಅವನೊಬ್ಬನದೇ ಆಗಿರುವುದಿಲ್ಲ. ಸಂಜೆಬೆಳಕು ಅವರೇ, ಚಿತ್ರ ಸಿಗಲೇಬೇಕೆಂದಿಲ್ಲ ಎಂಬಲ್ಲಿ ಮಾತ್ರ ನಾನು ನಿಮ್ಮೊಂದಿಗೆ ಒಪ್ಪಲಾರೆ: ಅಜ್ಜಿ ಇನ್ನೂ ಬದುಕಿದ್ದಾಳೆ, ಅವಳಿಗೆ ಆ ಚಿತ್ರವನ್ನು ತೋರಿಸದೆ ಕಾದಂಬರಿಯನ್ನು ಮುಗಿಸಲು ನನಗೆ ಮನಸ್ಸಿಲ್ಲ.